ಹಳೆ ಡಿಸ್ಕು, ಏರುವ ಹೊಳೆ

ಹೊಳೆದಂಡೆಯ ಆಶ್ರಮವೊಂದರಲ್ಲಿ ಗೌರಾಂಬೆ ತಾಯಿ ಎಂಬ ಗುರುಗಳಿದ್ದರು. ಅವರ ಶಿಷ್ಯ ತೋಂಟೇಶ ಅಲ್ಲಿನ ಸರ್ವರ್ ನೋಡಿಕೊಳ್ಳುತ್ತಿದ್ದ.

ಹೊಳೆಯಲ್ಲಿ ನೆಟ್ಟ ಅಳತೆಗಂಬದಿಂದ ನೀರಿನ ಮಟ್ಟವೆಲ್ಲ ಆ ಸರ್ವರ್‌ನ ಡೇಟಾಬೇಸಿಗೆ ಬಂದು ಸೇರುತ್ತಿತ್ತು. ನೀರು ಏರಿತೆಂದರೆ ಕೆಳಗಿನ ಹಳ್ಳಿಗಳ ಫೋನುಗಳಿಗೆ ತಾನಾಗಿಯೇ ಎಚ್ಚರಿಕೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಡಿಸ್ಕು ಕರಕರ ಎನ್ನತೊಡಗಿತು. ಇನ್ನು ಹೆಚ್ಚು ಹೊತ್ತು ಬಾಳುವುದಿಲ್ಲವೆಂದು ತೋಂಟೇಶನಿಗೆ ಗೊತ್ತಾಯಿತು. ಹೊರಗೆ ಹೊಳೆ ಕೆಂಪಾಗಿ ಏರುತ್ತಿತ್ತು.

ಅದೇ ಸರ್ವರ್‌ಗೆ ಹೊಸ ಡಿಸ್ಕು ಕೂರಿಸಿ, ಡೇಟಾಬೇಸನ್ನು ಅದಕ್ಕೆ ನಕಲು ಮಾಡಿದ. ನಕಲು ತೆರೆಯಲೇ ಇಲ್ಲ.

ತಾಯಿಯ ಬಳಿಗೆ ಓಡಿದ.

“ನಕಲು ಯಾಕೆ ಕೆಟ್ಟಿತು?” ಎಂದರು ತಾಯಿ.

“ಅಳತೆಗಳು ಬರುತ್ತಿರುವಾಗಲೇ ನಕಲು ಮಾಡಿದೆ. ಅರ್ಧ ಹಳೆಯದು, ಅರ್ಧ ಹೊಸದು. ಒಂದಕ್ಕೊಂದು ಕೂಡಲಿಲ್ಲ.”

“ಹಾಗಾದರೆ ನಿಲ್ಲಿಸು.”

“ಹೇಗೆ ನಿಲ್ಲಿಸಲಿ ತಾಯಿ? ಅಷ್ಟರಲ್ಲಿ ನೀರು ದಂಡೆ ಮೀರಿದರೆ ಹಳ್ಳಿಯವರಿಗೆ ಹೇಳುವವರು ಯಾರು?”

ನೀರು ಮೀರಿದರೆ ಹಳ್ಳಿಗಳಿಗೆ ಕರೆ ಮಾಡಲೆಂದು ತಾಯಿ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿದು ಹೋದರು. ಅಳತೆಗಂಬದ ಪಕ್ಕ, ನೀರಿನ ಅಂಚಿನಲ್ಲಿ ನಿಂತರು.

ತೋಂಟೇಶ ಕಿಟಕಿಯಿಂದ ನೋಡಿದ. ಆಮೇಲೆ ಡೇಟಾಬೇಸ್ ನಿಲ್ಲಿಸಿದ.

ಮತ್ತೆ ನಕಲು ಶುರುವಾಯಿತು. ಹಳೆ ಡಿಸ್ಕು ನರಳುತ್ತ ನರಳುತ್ತ ಕೊಟ್ಟಿತು. ಕೊನೆಗೂ ನಕಲು ಮುಗಿಯಿತು. ಡೇಟಾಬೇಸಿಗೆ ಹೊಸ ಜಾಗ ತೋರಿಸಿ ಚಾಲೂ ಮಾಡಿದ.

ಆಗಲಿಲ್ಲ.

ಅವನು ಹೊಳೆಗೆ ಓಡಿದ. ನೀರು ತಾಯಿಯ ಮೊಣಕಾಲು ಮುಟ್ಟಿತ್ತು.

“ತಾಯಿ, ಮೇಲೆ ಬನ್ನಿ! ಅದು ತೆರೆಯುತ್ತಿಲ್ಲ!”

“ನಾನು ಮೇಲೆ ಬಂದರೆ ತೆರೆಯುತ್ತದೆಯೇ?”

ತೋಂಟೇಶ ಇನ್ನೊಂದು ಮೆಟ್ಟಿಲು ಇಳಿದ.

“ತೆರೆಯುವುದಿಲ್ಲ ಅಂದಾಗ ಅದು ಏನು ಹೇಳಿತು?” ತಾಯಿಯ ಕಣ್ಣು ಕಂಬದ ಮೇಲೇ ಇತ್ತು.

“ಹೊಸ ಜಾಗದಲ್ಲಿ ಅನುಮತಿ ಇಲ್ಲ ಅಂತ.”

“ಅದು ಅನುಮತಿ ಕೇಳಿದ್ದು ನಿನ್ನನ್ನು. ನೀನು ಇಲ್ಲಿಗೆ ಬಂದೆ.”

ಅವನು ತಿರುಗಿ ಓಡಿದ. ಹೊಸ ಡಿಸ್ಕಿನಲ್ಲಿ ಓದುವ, ಬರೆಯುವ ಅನುಮತಿಯನ್ನು ಡೇಟಾಬೇಸಿಗೆ ಕೊಟ್ಟಿರಲೇ ಇಲ್ಲ. ಕೊಟ್ಟ. ಮತ್ತೆ ಚಾಲೂ ಮಾಡಿದ.

ತೆರೆಯಿತು. ಹಳೆಯ ಅಳತೆಗಳೆಲ್ಲ ಇದ್ದವು. ಅವುಗಳ ಕೆಳಗೆ ಹೊಸದೊಂದು ಬಂದು ಕೂತಿತು. ನೀರು ಆಗಷ್ಟೇ ಎಚ್ಚರಿಕೆಯ ಗೆರೆ ಮುಟ್ಟಿತ್ತು; ಮರುಕ್ಷಣವೇ ಹಳ್ಳಿಗಳಿಗೆ ಎಚ್ಚರಿಕೆ ಹೊರಟಿತು.

ತೋಂಟೇಶ ಹೋಗಿ ಕೈ ಚಾಚಿದ. ತಾಯಿ ಅವನ ಕೈ ಹಿಡಿದು ಮೇಲೆ ಬಂದರು. ಅವರ ಬೆರಳು ತಣ್ಣಗಾಗಿತ್ತು.

“ಭಯ ಆಗಲಿಲ್ಲವೇ ತಾಯಿ?”

“ಆಯಿತು.”

“ಮತ್ತೆ ಯಾಕೆ ನಿಂತಿರಿ?”

ತಾಯಿ ಸೆರಗಿನ ನೀರು ಹಿಂಡಿದರು.

“ನೀನು ನಿಲ್ಲಿಸಬೇಕಾದರೆ ಯಾರಾದರೂ ನಿಲ್ಲಬೇಕಿತ್ತಲ್ಲ.”