ಜಗಳಗುಂಡಿಗೆ ಆ ಹೆಸರು ಬಂದ ಬಗೆ

ನಂಬದಿದ್ದರೆ ಬಿಡಿ, ನನಗೇನೂ ಲುಕ್ಸಾನಿಲ್ಲ. ಬುಕ್ಕಲಹಟ್ಟಿಯ ಜಗಳಗುಂಡಿನ ಕಥೆ ಕೇಳಿ ತಲೆ ಅಲ್ಲಾಡಿಸಿ ಹೋದವರು ಬೇಕಾದಷ್ಟು ಜನ. ಗುಂಡು ಮಾತ್ರ ಇದ್ದಲ್ಲೇ ಇದೆ, ನಾನೂ ಇದ್ದಲ್ಲೇ ಇದ್ದೇನೆ. ಈ ಸುತ್ತಿನ ಹಟ್ಟಿಗಳಲ್ಲಿ ಇದನ್ನು ನನ್ನಷ್ಟು ಸರಿಯಾಗಿ ಹೇಳುವವನು ಇನ್ನೊಬ್ಬನಿದ್ದರೆ ಮುಂದೆ ಬರಲಿ, ಕೂತು ಕೇಳುತ್ತೇನೆ. ಹಟ್ಟಿಯ ಪಡುವಣಕ್ಕೆ, ಕುರಿ ನೀರು ಕುಡಿಯುವ ಹೊಂಡದ ಪಕ್ಕದಲ್ಲಿ, ಎರಡು ದೊಡ್ಡ ಬಂಡೆಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ, ಅದೇ ಜಗಳಗುಂಡು. ನಡುವೆ ಒಬ್ಬ ಮನುಷ್ಯ ಹೊಟ್ಟೆಯ ಮೇಲೆ ತೆವಳಿ ಹೋಗುವಷ್ಟು ಸಂದಿ. ಹೊರಗಿನಿಂದ ಬಂದವರು ಹೆಸರು ಕೇಳಿದ ಕೂಡಲೇ ಇಲ್ಲಿ ಅಣ್ಣತಮ್ಮಂದಿರು ಹೊಡೆದಾಡಿರಬೇಕು, ಇಲ್ಲವೇ ಎರಡು ದಂಡು ಕೂಡಿರಬೇಕು ಎಂದುಕೊಳ್ಳುತ್ತಾರೆ. ಇಲ್ಲಿ ಯಾರೂ ಯಾರಿಗೂ ಒಂದು ಏಟು ಹಾಕಿದ್ದಿಲ್ಲ.

ಹಿಂದೆ ಒಮ್ಮೆ, ಕೋಟೆಗಳ ಕಾಲದಲ್ಲಿ, ಈ ಹಟ್ಟಿಯಲ್ಲಿ ಕಾಟವ್ವ ಎಂಬ ಸೂಲಗಿತ್ತಿ ಇದ್ದಳು. ಆಗ ಕೋಟೆಯ ಕಂದಕ ತೋಡಲು ಊರೂರಿನಿಂದ ಗಂಡು ಹೆಣ್ಣೆನ್ನದೆ ಜನರನ್ನು ಬಿಟ್ಟಿ ದುಡಿಮೆಗೆ ಹಿಡಿದೊಯ್ಯುತ್ತಿದ್ದರು. ತಪ್ಪಿಸಿಕೊಂಡು ಬಂದವರ ಬೆನ್ನಿಗೆ ಸವಾರರು ಬೀಳುತ್ತಿದ್ದರು. ಹಾಗೆ ಓಡಿ ಬಂದವರು ಕಾಟವ್ವನ ಬಾಗಿಲಿಗೆ ಬರುತ್ತಿದ್ದರು ಎನ್ನುತ್ತಾರೆ. ಅವಳು ಅವರನ್ನು ಬಂಡೆಯ ಸಂದಿಯಲ್ಲಿ ತೆವಳಿಸಿ, ಆ ಕಡೆಯಿಂದ ತಲೆ ಹಿಡಿದು ಹೊರಗೆಳೆಯುತ್ತಿದ್ದಳು. ಮೀಸೆ ಬಂದ ಗಂಡಸಾದರೂ ಸರಿ, ಹರಳೆಣ್ಣೆ ಹಚ್ಚಿ ಬಿಸಿನೀರು ಹೊಯ್ದು, ನಾಲಿಗೆಗೆ ಬಜೆ ತೇಯ್ದು ನೆಕ್ಕಿಸಿ, ಕಿವಿಯಲ್ಲಿ ಕುರ್ರ್ ಎಂದು ಹೊಸ ಹೆಸರು ಊದುತ್ತಿದ್ದಳು. ಆಮೇಲೆ ಹಟ್ಟಿಯಲ್ಲೇ ಒಬ್ಬ ತಾಯಿಯನ್ನು ತೋರಿಸುತ್ತಿದ್ದಳು. ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಕಾಟವ್ವ ಇದರ ಜೊತೆಗೆ ಪ್ರತಿಯೊಬ್ಬರಿಗೂ ಒಂದು ಜಗಳ ಕೊಡುತ್ತಿದ್ದಳು.

"ಬರೀ ಒಳ್ಳೇದು ಹೇಳಿದ್ರೆ ಸವಾರ್ರು ನಂಬಲ್ಲ ಕಣ್ರವ್ವ," ಎಂದು ಅವಳು ಹಟ್ಟಿಯ ಹೆಂಗಸರಿಗೆ ಹೇಳುತ್ತಿದ್ದಳಂತೆ. "ಊರಾಗೆ ಹುಟ್ಟಿ ಬೆಳೆದೋನು ಅಂದ್ಮೇಲೆ ಅವನ್ನ ಕಂಡ್ರೆ ಆಗ್ದೇ ಇರೋರು ಒಬ್ರಾದ್ರೂ ಇರಬೇಕು."

ಅದರಂತೆ ಒಬ್ಬನ ಮೇಲೆ, ಹುಡುಗನಾಗಿದ್ದಾಗ ಪಕ್ಕದ ಮನೆಯ ಟಗರಿನ ಕಣ್ಣು ಕಳೆದನೆಂಬ ದೂರು. ಇನ್ನೊಬ್ಬಳ ಮೇಲೆ, ಓರಗಿತ್ತಿಯ ಮದುವೆಯಲ್ಲಿ ಅಡುಗೆಗೆ ಉಪ್ಪು ಸುರಿದು ಕೆಡಿಸಿದಳೆಂಬ ಮಾತು. ಒಪ್ಪಿಕೊಂಡ ಜಗಳವನ್ನು ಬದುಕಿರುವ ತನಕ ನಡೆಸಬೇಕು, ರಾಜಿಯಾದರೆ ಸುಳ್ಳು ಬಯಲಾಗುತ್ತದೆ ಎಂಬುದು ಅವಳ ಕಟ್ಟಳೆ. ಯಾರಿಗೆ ಯಾವ ತಾಯಿ, ಯಾವ ಬಾಲ್ಯ, ಯಾವ ಹಗೆ ಎಂಬುದೆಲ್ಲ ಅವಳೊಬ್ಬಳ ತಲೆಯಲ್ಲೇ ಇರಬೇಕಿತ್ತು. ವಯಸ್ಸಾದಂತೆ ಅದೇ ಅವಳಿಗೆ ಭಾರವಾಯಿತು. ಕೂಸು ಹುಟ್ಟಿದ ಮನೆಗೆ ಹೋದರೆ ಬಾಣಂತಿಯ ಪಕ್ಕದಲ್ಲೇ ಒರಗಿ ನಿದ್ದೆ ಹೋಗುತ್ತಿದ್ದಳಂತೆ. ಆ ಕೂಸಿಗೆ ಹಳೆಯ ಹೆಸರಿರುವುದಿಲ್ಲವಲ್ಲ, ನೆನಪಿಡಬೇಕಾದ್ದು ಏನೂ ಇರುತ್ತಿರಲಿಲ್ಲ.

ಹೀಗಿರಲು ಸೂರಯ್ಯ ಎಂಬವನು ಬಂದ. ಅವನು ಕೋಟೆಯ ದಿಡ್ಡಿಬಾಗಿಲಿನ ಕಾವಲುಗಾರ. ಬಿಟ್ಟಿಯಲ್ಲಿ ಸಾಯುತ್ತಿದ್ದ ಆಳುಗಳನ್ನು ನೋಡಲಾರದೆ ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ಬಿಟ್ಟಿದ್ದ. ಸಿಕ್ಕರೆ ಅವನ ತಲೆ ಅದೇ ಬಾಗಿಲಿಗೆ ತೂಗಬೇಕೆಂದು ಅಪ್ಪಣೆಯಾಗಿತ್ತು. ಕಾಟವ್ವ ಅವನನ್ನು ಸಂದಿಯಲ್ಲಿ ಎಳೆದು ಮೈಲಪ್ಪ ಎಂದು ಕರೆದಳು. ಮಗನನ್ನು ಕಳೆದುಕೊಂಡಿದ್ದ ಈರಕ್ಕನ ಮಡಿಲಿಗೆ ಹಾಕಿದಳು. ತೊಡಕಾದದ್ದು ಜಗಳದಲ್ಲಿ. ಅವನು ಬಿಟ್ಟ ಆಳುಗಳಲ್ಲಿ ನಮ್ಮ ಹಟ್ಟಿಯವರೂ ಇದ್ದರು. ಅವನ ಜೊತೆ ಜಗಳವಾಡಲು ಒಬ್ಬನೂ ಒಪ್ಪಲಿಲ್ಲ. ಕಾಟವ್ವ ಸೋತ ಕಾಲೆಳೆದುಕೊಂಡು ಮನೆಮನೆ ತಿರುಗಿ, ಕೊನೆಗೆ ಕೆಂಚಪ್ಪನ ಬಾಗಿಲಲ್ಲಿ ಕುಸಿದು ಕೂತಳು. ಕೆಂಚಪ್ಪನ ತಮ್ಮ ಆ ದಿಡ್ಡಿಬಾಗಿಲಿನಿಂದಲೇ ಮನೆಗೆ ಬಂದವನು.

"ಅವನ ಕುರಿ ನಿನ್ ಹೊಲ ಮೇಯ್ದವು ಅಂತ ಬೈಯೋ."

"ಮೇಯ್ಲಿ ಬಿಡವ್ವ. ಇನ್ನೊಂದ್ ಹೊಲನೂ ಬಿಟ್ಟೇನು. ನನ್ ತಮ್ಮನ್ನ ಉಳಿಸಿದೋನ್ನ ಯಾವ ಬಾಯಾಗೆ ಬೈಯ್ಲಿ?"

"ಹಿಂಗೇ ಪ್ರೀತಿ ಮಾಡ್ತಾ ಇರ್ರಿ. ಪ್ರೀತಿ ಮಾಡೇ ಅವನ್ ತಲೆ ತೆಗಿಸ್ತೀರಿ," ಎಂದು ಎದ್ದು ಬಂದಳು.

ಅವಳು ಹೇಳಿದಂತೆಯೇ ಆಗುವುದರಲ್ಲಿತ್ತು. ಮಟಮಟ ಮಧ್ಯಾಹ್ನ ಸವಾರರು ಹೊಂಡದ ಬಳಿ ಕುದುರೆಗೆ ನೀರು ಕುಡಿಸುತ್ತಿದ್ದಾಗ ಮೈಲಪ್ಪ ಕುರಿ ಹೊಡೆದುಕೊಂಡು ಬಂದ. ಹೆಂಗಸರು ಬಿಂದಿಗೆ ಸರಿಸಿ ಜಾಗ ಬಿಟ್ಟರು. ಕೂತಿದ್ದ ಕೆಂಚಪ್ಪ ಎದ್ದು ನಿಂತ. ಸವಾರರ ಮುಂದಾಳು ಅದನ್ನು ನೋಡಿದ. ಕುರಿ ಕಾಯುವವನಿಗೆ ಇಷ್ಟು ಮರ್ಯಾದೆ ಯಾಕೆ, ಇವನು ಯಾರು ಎಂದು ಕೇಳಿದ. ಬಲು ಒಳ್ಳೆಯವನು ಸ್ವಾಮಿ, ದೇವರಂಥವನು ಸ್ವಾಮಿ ಎಂದು ಹಟ್ಟಿಗೆ ಹಟ್ಟಿಯೇ ಹೇಳಿತು. ಮುಂದಾಳು ಕುದುರೆಯಿಂದ ಇಳಿದ. ಕಾಟವ್ವ ಗುಂಡಿನ ನೆರಳಲ್ಲಿ ಕೂತಿದ್ದಳು. ಎಲ್ಲ ಮನೆಗೂ ಬೇಕಾದ ಸೂಲಗಿತ್ತಿ ಯಾರ ಮೇಲೂ ಹಗೆ ಇಟ್ಟುಕೊಳ್ಳುವಂತಿಲ್ಲ, ಅವಳು ಎಂದೂ ತನಗಾಗಿ ಜಗಳ ಇಟ್ಟುಕೊಂಡವಳಲ್ಲ. ಮೈಲಪ್ಪನೋ ದಿನಾ ಅವಳ ಪಾದ ಮುಟ್ಟದೆ ಕುರಿ ಮೇಯಲು ಬಿಡುತ್ತಿರಲಿಲ್ಲ.

"ದೇವರಂತೆ," ಎಂದಳು ಅವಳು, ಕೂತಲ್ಲಿಂದಲೇ. "ಲೇ ಮೈಲ, ಈ ಕೈ ನೋಡ್ಲಾ. ನಿಮ್ಮವ್ವನ ಹೊಟ್ಟೆಯಾಗೆ ಅಡ್ಡ ಮಲಗಿದ್ಯಲ್ಲ, ಎಳೆದೂ ಎಳೆದೂ ಮಣಿಕಟ್ಟು ಸೊಟ್ಟ ಆಯ್ತು. ಆವತ್ತಿಂದ ಬಿಂದಿಗೆ ಎತ್ತಾಕಾಗಿಲ್ಲ. ಹುಟ್ಟುವಾಗ್ಲೇ ಸೋಮಾರಿ, ಈಗ್ಲೂ ಸೋಮಾರಿ."

ಮೈಲಪ್ಪನ ಕೈಗಳು ಮುಗಿಯಲು ಮೇಲೆದ್ದವು. ಈಗ ಕೈ ಮುಗಿದರೆ ಸತ್ತಂತೆ ಎಂದು ಅವನಿಗೆ ಗೊತ್ತಾಗಲು ಒಂದು ಉಸಿರು ಹಿಡಿಯಿತು.

"ನಾನೇನ್ ಎಳಿ ಅಂದಿದ್ನಾ? ಅಲ್ಲೇ ಬಿಟ್ಟಿದ್ರೆ ನಿನ್ ಮುಖ ನೋಡೋದಾದ್ರೂ ತಪ್ತಿತ್ತು. ನಿನ್ ಹೊಸ್ತಿಲು ತುಳಿದ್ರೆ ಕೇಳೇ, ಮುದಿ ಗೂಬೆ."

ಅವಳು ಕೋಲು ಬೀಸಿದಳು. ಅವನು ಇನ್ನೆರಡು ಮಾತು ಸೇರಿಸಿದ. ಸವಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇಂಥ ಬಾಯಿಯವಳ ಕೈಯಲ್ಲಿ ಹುಟ್ಟಿದವನಿಗೆ ಬೇರೆ ಶಿಕ್ಷೆ ಬೇಕೇ ಎಂದು ಮುಂದಾಳು ಕುದುರೆ ಹತ್ತಿದನಂತೆ.

ಕಟ್ಟಳೆ ಮಾಡಿದವಳೇ ಕಟ್ಟಳೆಗೆ ಸಿಕ್ಕಿಬಿದ್ದಳು. ಉಪ್ಪು ಮಾರಲು ಬಂದವನು ಬೇಹುಗಾರನಿರಬಹುದು, ಬಳೆಗಾರನ ಕಿವಿ ಕೋಟೆಗೆ ಸೇರಿದ್ದಿರಬಹುದು. ಹಾಗಾಗಿ ದಿನಾ ಸಂಜೆ ಇಬ್ಬರೂ ಗುಂಡಿನ ಆಚೆ ಈಚೆ ಬೆನ್ನು ಕೊಟ್ಟು ಕೂತು ಬೈದಾಡುತ್ತಿದ್ದರು. ಕೆಮ್ಮಿ ಸಾಯಿ, ಆಡುಸೋಗೆ ಕಷಾಯ ಮಾತ್ರ ಕುಡೀಬೇಡ ಎಂದು ಅವನು ಬೈದರೆ, ಹರಿದ ಕಂಬಳಿ ಹೊದ್ದು ಮೆರಿ, ಈರಿ ಹೊಸದು ನೇಯ್ದಿದ್ದಾಳೆ ಮುಟ್ಟಬೇಡ ಎಂದು ಅವಳು ಬೈಯುತ್ತಿದ್ದಳು. ಕೆಲವು ದಿನ ಅವಳಿಗೆ ದನಿಯೇ ಏಳುತ್ತಿರಲಿಲ್ಲ. "ಇವತ್ತು ಕೈಲಾಗಲ್ಲ ಕಣ್ಲಾ, ನನ್ ಪಾಲಿಂದೂ ನೀನೇ ಬೈಯಿ," ಎನ್ನುತ್ತಿದ್ದಳಂತೆ. ಅವನು ಎರಡು ಪಾಲು ಬೈದು, ಕುರಿ ಹೊಡೆದುಕೊಂಡು ಹೋಗಿ, ಈರಕ್ಕನ ಮುಂದೆ ಊಟ ಬಿಟ್ಟು ಕೂರುತ್ತಿದ್ದ.

ಕಾಟವ್ವ ಹಾಸಿಗೆ ಹಿಡಿದಾಗಲೂ ಕೋಟೆಯ ಅಪ್ಪಣೆ ಹಾಗೇ ಇತ್ತು. ಅವಳು ಸತ್ತರೆ ಮೈಲಪ್ಪನಿಗೆ ಹಗೆಯೇ ಉಳಿಯುವುದಿಲ್ಲ. ಅವನು ಹೋಗಿ ಅವಳ ಪಕ್ಕ ಕೂತರೆ ಅಷ್ಟು ವರ್ಷದ್ದೂ ಸುಳ್ಳೆಂದಾಗುತ್ತದೆ. ಅವನು ಅವಳ ಬೀದಿಯ ತುದಿಯಲ್ಲಿ ನಿಂತೇ ಇದ್ದ. ಆಗ ಕೆಂಚಪ್ಪ ಬಂದ. ಇಡೀ ಹಟ್ಟಿಗೆ ಕೇಳುವಂತೆ ಮೈಲಪ್ಪನ ಎದೆಗೆ ಕೈ ಹಾಕಿ ದೂಡಿದ.

"ಹೆರಿಗೆ ಮಾಡಿದ ಮುದುಕಿನ ಜೀವಮಾನ ಪೂರ್ತಿ ಗೋಳಾಡ್ಸಿದ್ಯಲ್ಲೋ ಪಾಪಿ. ಹೋಗಿ ಕಾಲಿಗೆ ಬೀಳು ಹೋಗು. ಇವತ್ತಿಂದ ನಿನ್ ಮನೆಗೂ ನನ್ ಮನೆಗೂ ಆಗಲ್ಲ."

ಕೆಂಚಪ್ಪನ ಕಣ್ಣಲ್ಲಿ ನೀರಿತ್ತು ಎನ್ನುತ್ತಾರೆ. ಕೋಪದ ನೀರೆಂದು ಅಲ್ಲೇ ಇದ್ದ ಬಳೆಗಾರ ನಂಬಿದ. ನಾನು ಕೆಂಚಪ್ಪನ ವಂಶದವನು. ಜಗಳದಲ್ಲಿ ನಮ್ಮನ್ನು ಮೀರಿಸಿದವರು ಈವರೆಗೆ ಹುಟ್ಟಿಲ್ಲ.

ಈಗ ಹೋದರೆ ಗುಂಡಿನ ಎರಡೂ ಮಗ್ಗುಲಲ್ಲಿ ಕೂತು ಕೂತು ಸವೆದ ಕಲ್ಲು ಕಾಣುತ್ತದೆ, ಸಂದಿ ಒಳಗೆಲ್ಲ ಎಣ್ಣೆ ಹಚ್ಚಿದಂತೆ ನುಣ್ಣಗಿದೆ. ಕಾಟವ್ವನ ಸಮಾಧಿ ಎಂದು ಒಂದು ಚಪ್ಪಡಿ ತೋರಿಸುತ್ತಾರೆ. ಅದರ ಪಕ್ಕದ್ದು ಮೈಲಪ್ಪನದು. ಬದುಕಿದ್ದಾಗ ಅವನಿಗೆ ಸಿಕ್ಕದ್ದು, ಅವಳ ಮಗ್ಗುಲಲ್ಲಿ ಸುಮ್ಮನೆ ಕೂರಲು, ಕೆಂಚಪ್ಪ ದೂಡಿ ಕಳಿಸಿದ ಆ ಒಂದು ಸಂಜೆ.