ಕೊಪ್ಪರಿಗೆಯಲ್ಲಿ ದುಂಡುಮಲ್ಲಿಗೆ

ನದಿ ದಡದಲ್ಲೊಂದು ಆಶ್ರಮ. ನದಿಯ ಹೆಸರು ಕೇಳಬೇಡಿ. ನನಗೆ ಈ ಕಥೆ ಹೇಳಿದ ಮೂವರು ಮೂರು ಹೆಸರು ಹೇಳಿದರು. ಮೂವರೂ ಅಲ್ಲಿಗೆ ಹೋದವರಲ್ಲ.

ಆಶ್ರಮದ ಗುರುಗಳನ್ನು ಎಲ್ಲರೂ ತಾತಯ್ಯ ಅನ್ನುತ್ತಿದ್ದರು. ಶಿಷ್ಯನ ಹೆಸರು ಚೆಲುವಯ್ಯ. ಹನ್ನೊಂದು ವರ್ಷ ಅವರ ಬಳಿಯೇ ಇದ್ದು ಕಲಿತವನು. ಓದಿದ್ದೆಲ್ಲ ನಾಲಗೆಯ ತುದಿಯಲ್ಲಿತ್ತು. ಕೇಳುವ ಜನ ಮಾತ್ರ ಸಾಲದು ಅಂತ ಅವನಿಗೆ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಪೇಟೆಯ ದೊಡ್ಡಮಠದಿಂದ ಓಲೆ ಬಂತು.

‘ನಮ್ಮ ಪೀಠ ಖಾಲಿಯಾಗಿದೆ. ಚೆಲುವಯ್ಯನವರು ಬಂದು ಕೂರಬೇಕು. ಎರಡು ತಿಂಗಳ ಮೇಲೆ ನಮ್ಮವರು ಬರುತ್ತಾರೆ. ಉತ್ತರ ಸಿದ್ಧವಿರಲಿ.’

ಚೆಲುವಯ್ಯ ಅದನ್ನು ನಾಲ್ಕು ಸಲ ಮನಸ್ಸಿನಲ್ಲೇ ಓದಿಕೊಂಡ. ಐದನೇ ಸಲ ತಾತಯ್ಯನ ಮುಂದೆ ಗಟ್ಟಿಯಾಗಿ ಓದಿದ.

“ಹೋಗಲೇ ತಾತಯ್ಯ? ನೀವು ಹೂಂ ಅಂದರೆ ಹೋಗುತ್ತೇನೆ.”

ತಾತಯ್ಯ ಜಗಲಿಯ ಅಂಚಿನಲ್ಲಿದ್ದ ದುಂಡುಮಲ್ಲಿಗೆಯ ಕುಂಡವನ್ನು ಎತ್ತಿ ಅಡಿ ನೋಡುತ್ತಿದ್ದರು. ತೂತಿನಿಂದ ಬೇರು ಹೊರಗೆ ಇಣುಕಿತ್ತು.

“ಪಾಪ, ಇದಕ್ಕೆ ಜಾಗ ಸಾಲದಾಗಿದೆ. ಬೇರೆ ಕುಂಡಕ್ಕೆ ಹಾಕು. ಹೊಸ ಜಾಗದಲ್ಲಿ ಒಂದು ಹೂ ಬಿಡಲಿ, ಆಮೇಲೆ ಹೇಳುತ್ತೇನೆ.”

“ಯಾವ ಕುಂಡಕ್ಕೆ?”

“ನಿನಗೆ ಸರಿ ಕಂಡದ್ದಕ್ಕೆ.”

ಚೆಲುವಯ್ಯ ಕುಂಬಾರರ ದೊಡ್ಡತಾಯಮ್ಮನ ಮನೆಗೆ ಹೋದ. ಆಕೆ ಹಳೆಯ ಕುಂಡದ ಅಳತೆ ಕೇಳಿದಳು. ಸಾಲಿನಿಂದ ಒಂದನ್ನು ತೆಗೆದಿಟ್ಟಳು.

“ಸುತ್ತ ಎರಡು ಬೆರಳು ಜಾಸ್ತಿ ಐತೆ ಅಯ್ನೋರೆ. ಸಾಕು.”

“ಎರಡೇ ಬೆರಳೇ? ವರ್ಷ ಬಿಟ್ಟು ಮತ್ತೆ ನಿನ್ನ ಬಾಗಿಲಿಗೆ ಬಂದು ನಿಲ್ಲಬೇಕಲ್ಲಮ್ಮ.”

“ನಿಂತ್ಕಳಿ. ನಂಗೂ ಮಾತಾಡಕ್ಕೆ ಜನ ಬೇಕು.”

“ಒಂದೇ ಸಲ ದೊಡ್ಡದಕ್ಕೆ ಹಾಕಿಬಿಟ್ಟರೆ ಜನ್ಮಕ್ಕೆ ಸಾಕಾಗುತ್ತೆ.”

“ಕೂಸನ್ನ ತೊಟ್ಟಿಲು ಬಿಟ್ಟು ಮದುವೆ ಚಪ್ಪರದಾಗೆ ಮಲಗಿಸ್ತೀರಾ?”

ಚೆಲುವಯ್ಯ ನಕ್ಕು ಬರಿಗೈಯಲ್ಲಿ ವಾಪಸಾದ.

ಆಶ್ರಮದ ಉಗ್ರಾಣದಲ್ಲೊಂದು ತಾಮ್ರದ ಕೊಪ್ಪರಿಗೆ ಇತ್ತು. ಭಕ್ತರೊಬ್ಬರು ಕೊಟ್ಟದ್ದು. ಅಂಚಿನಲ್ಲಿ ‘ಪುಟ್ಟಮಲ್ಲಶೆಟ್ಟರ ಸೇವಾರ್ಥ’ ಎಂದು ಕೊರೆದಿತ್ತು. ಅದರೊಳಗೆ ಒಬ್ಬ ಮನುಷ್ಯ ಕಾಲು ಚಾಚಿ ಮಲಗಬಹುದಿತ್ತು. ನಿಮಗೆ ನಂಬಿಕೆ ಬರದಿದ್ದರೆ ಅವನು ಕಾಲು ಮಡಿಸಿಕೊಂಡು ಮಲಗಲಿ, ನನ್ನದೇನೂ ಅಭ್ಯಂತರವಿಲ್ಲ.

ಚೆಲುವಯ್ಯ ಹುಣಸೆಹಣ್ಣು ಹಚ್ಚಿ ಅದನ್ನು ಫಳಫಳ ಬೆಳಗಿದ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದ. ಹಳೆಯ ಕುಂಡ ಒಡೆದು, ಗಿಡವನ್ನು ಬೇರಿನ ಹೆಂಟೆಯ ಸಮೇತ ನಟ್ಟನಡುವೆ ಕೂರಿಸಿದ.

ಅಡುಗೆಗೆ ಮಡಕೆ ಕೊಡಲು ಬಂದ ದೊಡ್ಡತಾಯಮ್ಮ ಕೊಪ್ಪರಿಗೆಯ ಸುತ್ತ ಒಂದು ಸುತ್ತು ಬಂದಳು.

“ಇದಕ್ಕೆ ತೂತೆಲ್ಲಿ ಅಯ್ನೋರೆ?”

“ಶೆಟ್ಟರ ಹೆಸರಿರುವ ಪಾತ್ರೆಗೆ ತೂತು ಹೊಡೆಯೋದೇ? ದಾನ ಬಂದದ್ದಮ್ಮ, ಊನ ಮಾಡಬಾರದು.”

“ಹಂಗಾದ್ರೆ ಮಲ್ಲಿಗೆಗೆ ಈಜು ಕಲಿಸಿ.”

ಹದಿನೈದು ದಿನ ಎಲ್ಲವೂ ಚೆನ್ನಾಗಿತ್ತು. ದಾರಿಹೋಕರು ನಿಂತು ನೋಡಿದರು. “ಎಂಥ ಗಿಡ!” ಅಂದರು. ನೋಡಿದ್ದು ಕೊಪ್ಪರಿಗೆಯನ್ನು.

ಆಮೇಲೆ ಎಲೆ ಹಳದಿಯಾಯಿತು. ದಿನಕ್ಕೊಂದು ಕೊಡ ನೀರು ಹಾಕುತ್ತಿದ್ದ ಚೆಲುವಯ್ಯ ಎರಡು ಹಾಕಿದ. ಮೊಗ್ಗು ಉದುರಿತು. ಮೂರು ಹಾಕಿದ.

ಮಠದವರು ಬರಲು ಒಂದು ವಾರ ಉಳಿಯಿತು. ಗಿಡದಲ್ಲಿ ಹೂವಿಲ್ಲ. ತಾತಯ್ಯನ ಬಾಯಲ್ಲಿ ಹೂಂ ಇಲ್ಲ.

ಚೆಲುವಯ್ಯ ತಡೆಯಲಾರದೆ ಗುರುಗಳ ಮುಂದೆ ಹೋಗಿ ನಿಂತ.

“ನಾನು ಇದಕ್ಕೆ ಏನು ಕಡಿಮೆ ಮಾಡಿದ್ದೇನೆ ಹೇಳಿ ತಾತಯ್ಯ. ಜಾಗ ಇದೆ, ಗೊಬ್ಬರ ಇದೆ, ನೀರಿದೆ.”

“ಮೂಸಿ ನೋಡಿದೆಯಾ?”

“ಹೂವೇ ಇಲ್ಲವಲ್ಲ, ಏನನ್ನು ಮೂಸಲಿ?”

“ಮಣ್ಣನ್ನು.”

ಚೆಲುವಯ್ಯ ಮೊಣಕೈವರೆಗೆ ಕೈ ಇಳಿಸಿದ. ಒಂದು ಹಿಡಿ ತೆಗೆದು ಮೂಗಿನ ಹತ್ತಿರ ತಂದ. ತಂದಷ್ಟೇ ಬೇಗ ದೂರ ಹಿಡಿದ.

“ಕೊಳೆತ ನಾತ.”

“ಎಷ್ಟು ದಿನದಿಂದ?”

“ಗೊತ್ತೇ ಆಗಲಿಲ್ಲ. ದಿನಾ ಪಕ್ಕದಲ್ಲೇ ಇದ್ದೆ.”

ಇಬ್ಬರೂ ಸೇರಿ ಗಿಡ ಎತ್ತಿದರು. ಬೇರಿನ ಹೆಂಟೆ ಹಳೆಯ ಕುಂಡದ ಆಕಾರದಲ್ಲೇ ಇತ್ತು. ಒಂದೇ ಒಂದು ಬೇರೂ ಆಚೆ ಕಾಲಿಟ್ಟಿರಲಿಲ್ಲ. ಸುತ್ತ ಇದ್ದದ್ದು ಬರೀ ಕೆಸರು.

ತಾತಯ್ಯ ಚೂರಿ ತಂದರು. ಕಪ್ಪಾದ ಬೇರುಗಳನ್ನೆಲ್ಲ ಕೊಯ್ದರು. ಮೇಲಿನ ರೆಂಬೆಗಳನ್ನೂ ಅರ್ಧಕ್ಕೆ ಕತ್ತರಿಸಿದರು. ಕೊನೆಗೆ ಅಂಗೈಯಗಲ ಬಿಳಿ ಬೇರು ಉಳಿಯಿತು.

“ಇದಕ್ಕೆ ಹೊಂದುವ ಕುಂಡ ತಾ.”

“ಎರಡು ಬೆರಳು ಜಾಸ್ತಿ ಇರುವುದನ್ನು ದೊಡ್ಡತಾಯಮ್ಮ ಆವತ್ತೇ ತೆಗೆದಿಟ್ಟಿದ್ದಳು. ಅದನ್ನೇ ತರುತ್ತೇನೆ.”

“ಜಾಸ್ತಿ, ಯಾವುದಕ್ಕಿಂತ?”

ಚೆಲುವಯ್ಯ ಗುರುಗಳ ಕೈಯಲ್ಲಿದ್ದ ಬೇರನ್ನು ನೋಡಿದ.

“ಹಾಗಾದರೆ ಹಳೆಯದಕ್ಕಿಂತಲೂ ಚಿಕ್ಕ ಕುಂಡ ಆಗುತ್ತಲ್ಲ ತಾತಯ್ಯ!”

“ಆಗುತ್ತೆ.”

“ಕೊಪ್ಪರಿಗೆಯಲ್ಲಿದ್ದ ಗಿಡ. ನೋಡಿದವರು ಏನಂದುಕೊಳ್ಳುತ್ತಾರೆ?”

“ಗಿಡ ಅದನ್ನು ಕೇಳಿದ ಹಾಗೆ ಕಾಣಲಿಲ್ಲ.”

ದೊಡ್ಡತಾಯಮ್ಮ ಅಳತೆ ನೋಡಿ, ಮೊಸರು ಹೆಪ್ಪು ಹಾಕುವ ಗಡಿಗೆಯಷ್ಟು ಪುಟ್ಟ ಕುಂಡ ಕೊಟ್ಟಳು. “ಈಜು ಬರಲಿಲ್ವಾ?” ಅಂದಳು. ಮತ್ತೇನೂ ಹೇಳಲಿಲ್ಲ. ಆಕೆಯ ಮಟ್ಟಿಗೆ ಅದು ದೊಡ್ಡ ದಯೆ.

ತಾತಯ್ಯ ಕುಂಡದ ತೂತಿನ ಮೇಲೆ ಹೆಂಚಿನ ಚೂರೊಂದನ್ನು ಬೋರಲು ಹಾಕಿದರು. ಗಿಡ ಇಟ್ಟು ಹೊಸ ಮಣ್ಣು ತುಂಬಿದರು. ನೆರಳಿಗೆ ಸರಿಸಿ ಒಂದು ಚೊಂಬು ನೀರು ಹಾಕಿದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹನಿ ಬಿತ್ತು. ಇನ್ನೊಂದು ಬಿತ್ತು. ಚೆಲುವಯ್ಯ ಬಗ್ಗಿ ಅದನ್ನೇ ನೋಡುತ್ತ ಬಹಳ ಹೊತ್ತು ಕೂತ.

ವಾರ ಕಳೆದು ಮಠದ ಪಾರುಪತ್ಯಗಾರ ಬಂದ. ಜೊತೆಗೆ ಸಿಂಗರಿಸಿದ ಗಾಡಿ, ಜರತಾರಿ ಛತ್ರಿ, ಕಹಳೆಯವರು. ಕಹಳೆಯವರು ನಾಲ್ವರು ಅಂತ ಕಥೆ ಹೇಳಿದವರಲ್ಲಿ ಒಬ್ಬರು, ಇಬ್ಬರು ಅಂತ ಇನ್ನೊಬ್ಬರು. ಊದಿದವನು ಒಬ್ಬನೇ ಅನ್ನುವುದರಲ್ಲಿ ಎಲ್ಲರಿಗೂ ಒಮ್ಮತವಿದೆ.

ಮಲ್ಲಿಗೆ ನೆರಳಿನಲ್ಲಿತ್ತು. ಹೂವಿನ ಮಾತಿರಲಿ, ಹೊಸ ಚಿಗುರೂ ಇರಲಿಲ್ಲ. ಚೆಲುವಯ್ಯ ಗುರುಗಳ ಮುಖ ನೋಡಿದ. ತಾತಯ್ಯ ಕಣ್ಣು ಮುಚ್ಚಿ ಕೂತಿದ್ದರು. ಧ್ಯಾನವೋ ನಿದ್ದೆಯೋ, ಅವರಿಗೇ ಗೊತ್ತು.

“ಎಲ್ಲ ಸಿದ್ಧವಾಗಿದೆ, ಬನ್ನಿ ಬುದ್ಧಿ,” ಅಂದ ಪಾರುಪತ್ಯಗಾರ.

“ಅಲ್ಲಿ ನನಗೇನು ಕೆಲಸ?”

“ಕೆಲಸವೇ! ತಾವು ಕೂತರೆ ಸಾಕು. ಬೆಳಗಿನಿಂದ ಸಂಜೆವರೆಗೆ ಪಾದಪೂಜೆ. ಭಕ್ತರು ಸಾಲುಗಟ್ಟಿ ಬರುತ್ತಾರೆ. ಒಬ್ಬೊಬ್ಬರೂ ಒಂದೊಂದು ತಂಬಿಗೆ ನೀರು ಪಾದಕ್ಕೆ ಹಾಕಿ ಹೋಗುತ್ತಾರೆ.”

“ದಿನವೂ?”

“ದಿನವೂ ಬುದ್ಧಿ. ಹಬ್ಬಗಳಲ್ಲಿ ಇನ್ನೂ ಜಾಸ್ತಿ.”

ಚೆಲುವಯ್ಯ ತನ್ನ ಪಾದಗಳನ್ನು ನೋಡಿಕೊಂಡ.

“ಅಷ್ಟು ನೀರು ಎಲ್ಲಿಗೆ ಹೋಗುತ್ತೆ?”

ಪಾರುಪತ್ಯಗಾರ ತಬ್ಬಿಬ್ಬಾದ. ಹತ್ತು ವರ್ಷದಿಂದ ಮಠ ನೋಡಿಕೊಳ್ಳುತ್ತಿದ್ದ. ಪ್ರಸಾದಕ್ಕೆ ಎಷ್ಟು ಅಕ್ಕಿ, ದೀಪಕ್ಕೆ ಎಷ್ಟು ಎಣ್ಣೆ, ಎಲ್ಲ ಕಂಠಪಾಠ. ಇದೊಂದು ಗೊತ್ತಿರಲಿಲ್ಲ.

“ಅದನ್ನು ವಿಚಾರಿಸಿ ಹೇಳಬೇಕು ಬುದ್ಧಿ.”

“ವಿಚಾರಿಸಿ. ನಾನು ಬರುವುದಿಲ್ಲ.”

ಗಾಡಿ ತಿರುಗಿತು. ಈ ಸಲ ಯಾರೂ ಕಹಳೆ ಊದಲಿಲ್ಲ. ದಾರಿಯ ಧೂಳು ಅಡಗುವವರೆಗೂ ಚೆಲುವಯ್ಯ ಅತ್ತಲೇ ನೋಡುತ್ತ ನಿಂತ. ಅಂಥ ಗಾಡಿ ತನ್ನನ್ನು ಕೇಳಿಕೊಂಡು ಇನ್ನೊಮ್ಮೆ ಬರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಬಂದು ಜಗಲಿಯ ಮೇಲೆ ಕೂತ.

“ನಿಮ್ಮ ಮಾತಿಗೂ ಕಾಯದೆ ಉತ್ತರ ಕೊಟ್ಟುಬಿಟ್ಟೆ. ತಪ್ಪಾಯಿತೇ ತಾತಯ್ಯ?”

ತಾತಯ್ಯ ಕಣ್ಣು ತೆರೆದರು.

“ಆ ಪೀಠದ ಎಡಗಡೆಯ ಕೈ ಸ್ವಲ್ಪ ಅಲ್ಲಾಡುತ್ತಿತ್ತು. ಈಗ ಸರಿಮಾಡಿಸಿದ್ದಾರೋ ಇಲ್ಲವೋ.”

“ನಿಮಗೆ ಹೇಗೆ ಗೊತ್ತು?”

“ನಿನ್ನ ವಯಸ್ಸಿನಲ್ಲಿ ಹದಿನಾಲ್ಕು ತಿಂಗಳು ಅದರ ಮೇಲೆ ಕೂತಿದ್ದೆನಲ್ಲ.”

ಚೆಲುವಯ್ಯ ಗುರುಗಳ ಕಡೆ ತಿರುಗಿ ಕೂತ.

“ಮತ್ತೆ ಎದ್ದು ಬಂದದ್ದು ಹೇಗೆ?”

“ನನ್ನ ಪುಣ್ಯ ಚೆಲುವಯ್ಯ, ಮಠದ ಅಡುಗೆಮನೆಯಲ್ಲಿ ಒಬ್ಬಳು ಮುದುಕಿ ಇದ್ದಳು. ನನಗೆ ಗೊತ್ತೇ ಆಗದ ನಾತ ಅವಳ ಚುರುಕು ಮೂಗಿಗೆ ಬಡಿಯಿತು.”