ಬೆಳ್ಳಿ ಹಂಡೆಗೆ ಅದ್ದಿದ ಕೈ

ನಂಬದವರು ಈಗಲೇ ಎದ್ದು ಹೋಗಬಹುದು, ಬಾಗಿಲು ತೆರೆದೇ ಇದೆ. ಕೂತವರು ಕೇಳಿ. ಸಿರಿಗಲ್ಲಿನ ಅರಸನ ಆಸ್ಥಾನಕ್ಕೆ ಆಸ್ಥಾನವೇ ಒಂದು ದಿನ ಬಾಯಿ ಮುಚ್ಚಿಕೊಂಡು ಕೂತಿತ್ತು. ಹಾಗೆ ಕೂರಿಸಿದವನು ನಮ್ಮ ಹಟ್ಟಿಯವನು!

ಡಂಗುರ ಹೀಗಿತ್ತು: "ಕೇಳ್ರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವನ ತಲೆ ಹೊತ್ತು ಮುಳುಗುವಾಗ ಉರುಳುತ್ತದೆ!"

ಆ ಮಳೆಗಾಲ ವಾಂತಿಭೇದಿಗೆ ಅವಳ ಆರು ವರ್ಷದ ತಮ್ಮ ತೀರಿಹೋಗಿದ್ದ. ಅದೇ ರೋಗಕ್ಕೆ ಕಲ್ಲುಕುಟಿಗರ ಹಟ್ಟಿಯಲ್ಲಿ ನಾಲ್ಕು ಮಕ್ಕಳು ಹೋಗಿದ್ದರು. ಊರ ಬಾವಿಗೆ ಹಟ್ಟಿಯವರ ಕೊಡ ಇಳಿಯುವಂತಿರಲಿಲ್ಲ; ಎಮ್ಮೆ ಮೀಯುವ ಕುಂಟೆಯೇ ಗತಿ. ಆ ಹಟ್ಟಿಯ ಸೋಗೆ ಶಾಲೆಯ ಮೇಷ್ಟ್ರು ದುರುಗ. ಅಕ್ಷರಕ್ಕಿಂತ ಮೊದಲು ಉಗುರು ನೋಡುವವನು. ಬೂದಿ ಹಚ್ಚಿ ಕೈ ತೊಳೆಯದವರಿಗೆ ಅವನ ಶಾಲೆಯಲ್ಲಿ ಬಳಪವೇ ಸಿಗುತ್ತಿರಲಿಲ್ಲ.

"ಬಾವಿ ಕೇಳಿ ತರ್ತೀನಿ," ಎಂದು ದುರುಗ ಶಾಲೆಯ ನೀರಿನ ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟ.

"ತಲೆ ಹೋದ್ರೆ ಮೇಷ್ಟ್ರೇ?" ಎಂದಳು ಪುಟ್ಟ ಗಂಗಿ.

"ಹೋಗೋ ತಲೆ ಇದಲ್ಲ ಕಣವ್ವ."

ಅವನು ಅರಮನೆ ಮುಟ್ಟುವಷ್ಟರಲ್ಲಿ ಒಂಬತ್ತು ಜನ ಸೋತು ಸೆರೆಯಲ್ಲಿದ್ದರು. ಒಬ್ಬ ವರ್ತಕನ ಮಗ, ಒಬ್ಬ ಪರಸೀಮೆಯ ರಾಜಕುಮಾರ ಉಳಿದಿದ್ದರು. ಆಸ್ಥಾನದ ಪದ್ಧತಿಯಂತೆ ಇಬ್ಬರೂ ಬಾಗಿಲಿನ ಬೆಳ್ಳಿ ಹಂಡೆಗೆ ಲೋಟ ಅದ್ದಿ ನೀರು ಕುಡಿದರು. ದುರುಗ ಹಂಡೆಯನ್ನು ನೋಡಿ, ಮುಟ್ಟದೆ ಮುಂದೆ ನಡೆದ.

ಮಂತ್ರಿ ನಕ್ಕ. "ಪರವಾಗಿಲ್ಲ, ತನ್ನ ಕೈ ಎಲ್ಲಿಗೆ ಇಳಿಯಬಾರದು ಅಂತ ಇವನಿಗೆ ಗೊತ್ತಿದೆ."

"ನಿಮ್ಮ ಕೈಯೂ ಇಳಿಯಬಾರದು ಬುದ್ಧಿ," ಎಂದ ದುರುಗ.

ರಾಜಕುಮಾರಿ ತಲೆಯೆತ್ತಿ ನೋಡಿದಳು. ಒಗಟು ಶುರುವಾಯಿತು.

"ಹತ್ತು ಅಂಗಳ, ಹತ್ತಕ್ಕೂ ಬಿಳಿ ಚಪ್ಪರ. ಚಪ್ಪರದಡಿ ಕರೆಯದೆ ಬಂದು ಕೂತವನು ಒಡೆಯನ ಅನ್ನದ ಜೊತೆಗೇ ಒಳಗಿಳಿದು ಒಡೆಯನನ್ನೇ ಮಲಗಿಸುತ್ತಾನೆ. ಯಾರವನು?"

"ವಿಷ ಹಾಕುವ ಗೂಢಚಾರ!" ಎಂದ ವರ್ತಕನ ಮಗ. ಭಟರು ಅವನನ್ನು ಹಿಡಿದರು.

ದುರುಗ ಅವನ ಕೈಯನ್ನೇ ಎತ್ತಿ ತೋರಿಸಿದ. "ಉಗುರಿನಡಿಯ ಕೊಳೆ, ಅಮ್ಮಣ್ಣಿ. ಇಲ್ಲಿ ಉಂಗುರವೂ ಹತ್ತು, ಕೊಳೆಯೂ ಹತ್ತು."

"ಆರು ಕಾಲಿನವನೊಬ್ಬ ಬಯಲಿಗೆ ಹೋಗಿ, ಕಾಲು ತೊಳೆಯದೆ ಬಂದು, ಅರಸನಿಗೂ ಆಳಿಗೂ ಒಂದೇ ಅಡಿಗೆ ಬಡಿಸುತ್ತಾನೆ. ಯಾರು?" ಎಂದಳು ರಾಜಕುಮಾರಿ.

"ಜೇನುಹುಳು!" ಎಂದ ರಾಜಕುಮಾರ. ಅವನದೂ ಮುಗಿಯಿತು.

"ನೊಣ. ಮಲದ ಗುಂಡಿ ಮುಚ್ಚಿ, ಅನ್ನ ಮುಚ್ಚಿ, ಅವನ ಬಡಿಸುವಿಕೆ ಬಂದ್. ಇದನ್ನು ನನ್ನ ಗಂಗಿ ನಿದ್ದೆಗಣ್ಣಲ್ಲೂ ಹೇಳ್ತಾಳೆ."

ಮೂರನೆಯದಕ್ಕೆ ರಾಜಕುಮಾರಿಯ ದನಿ ನಡುಗಿತು. "ನನ್ನ ತಮ್ಮ ಕುಡಿದದ್ದು ಕುದಿಸಿ ಆರಿಸಿದ ನೀರು, ಬೆಳ್ಳಿ ಹಂಡೆಯದು. ಆದರೂ ಹೋದ. ಅವನನ್ನು ಕೊಂದವರು ಕೊಂದೆವೆಂದು ಅರಿಯರು, ಇಂದಿಗೂ ಅದನ್ನೇ ಮಾಡುತ್ತಿದ್ದಾರೆ. ಏನದು?"

ದುರುಗ ಹಂಡೆಯತ್ತ ತಿರುಗಿದ. ಕುದಿಸಿದ ನೀರು ಕೊಲ್ಲುತ್ತದೆಯೇ? ಕಿಟಕಿಯಲ್ಲಿ ಹೊತ್ತು ಕೆಂಪಾಗಿತ್ತು. ಆಗ ಭಯಕ್ಕೆ ಬಾಯಾರಿದ ರಾಜಕುಮಾರ ಭಟರನ್ನು ಬೇಡಿಕೊಂಡು ಹಂಡೆಗೆ ಮತ್ತೆ ಲೋಟ ಅದ್ದಿದ, ನಾಲ್ಕು ಬೆರಳೂ ಮುಳುಗುವಂತೆ.

"ಅದೋ!" ದುರುಗ ಸೊಂಟದಿಂದ ಉದ್ದ ಹಿಡಿಯ ಕರಟದ ಸೌಟು ಕಿತ್ತು ಎತ್ತಿ ಹಿಡಿದ. "ಕುದಿಸಿದ ನೀರಿಗೆ ಅದ್ದಿದ ಕೈ! ಬೆಂಕಿ ತೊಳೆದದ್ದನ್ನು ಬೆರಳು ಕೆಡಿಸಿತು. ನಮ್ಮ ಶಾಲೆಯ ಮಡಕೆಗೆ ಈ ಸೌಟು ಬಿಟ್ಟು ಯಾರೂ ಇಳಿಯೋದಿಲ್ಲ. ಮೇಷ್ಟ್ರೂ ಇಲ್ಲ, ಅರಸರು ಬಂದರೂ ಇಲ್ಲ."

ಆಸ್ಥಾನ ಉಸಿರೆತ್ತಲಿಲ್ಲ. ಮಂತ್ರಿ ಮೆಲ್ಲಗೆ ತನ್ನ ಕೈಯನ್ನು ಶಾಲಿನೊಳಗೆ ಸರಿಸಿಕೊಂಡ.

"ಮೂರೂ ಸರಿ, ಮೇಷ್ಟ್ರೇ," ಎಂದಳು ರಾಜಕುಮಾರಿ ಕಣ್ಣೊರೆಸಿಕೊಂಡು.

"ಏನು ಬೇಕು? ಅರ್ಧ ರಾಜ್ಯವೇ?" ಎಂದ ಅರಸ.

"ಅರ್ಧ ರಾಜ್ಯ ಗುಡಿಸೋರು ಯಾರು ಪ್ರಭು? ಶಾಲೆ ಮುಂದೆ ಸಿಹಿನೀರಿನ ಬಾವಿ ಬೇಕು. ಹುಡುಗರಿಗೊಂದು, ಹುಡುಗಿಯರಿಗೊಂದು ಕಕ್ಕಸು. ತೋಡೋದಕ್ಕೆ ಸೋತ ಈ ಹನ್ನೊಂದು ಜನ. ತಲೆ ಮೈಮೇಲೆ ಇದ್ದರೇ ಆಳು ಕೆಲಸಕ್ಕೆ ಬರೋದು."

ಅರಸ ಒಪ್ಪಿ ತಲೆಯಾಡಿಸಿದ. ದುರುಗನಿಗೆ ಸಿಕ್ಕಿದ್ದು ಒಂದು ಬಾವಿ, ಎರಡು ಕಕ್ಕಸು, ಹನ್ನೊಂದು ಆಳು.